ನಾಯಿಯ ಮರೆಯ ಜಾಗದ ಕಾಯಿಲೆ: ನಾಚಿಕೆ ಬೇಡ, ನೋಡಿ, ಹೇಳಿ



ಇವತ್ತಿನ ಮಾತು ನಾಯಿಯ ಬಗ್ಗೆ. ಅದರಲ್ಲೂ ಗಂಡು ನಾಯಿಯ ಬಗ್ಗೆ. ಗಂಡು ನಾಯಿ ಉಚ್ಚೆ ಹೊಯ್ಯುವ ಜಾಗ, ಅದರ ಮುಂದೊಗಲು, ಬೀಜದ ಚೀಲ, ಸುತ್ತಲ ಚರ್ಮ. ಇಲ್ಲಿ ಬಣ್ಣ ಬದಲಾದರೆ, ಉರಿ ತುರಿಕೆ ಬಂದರೆ, ರಕ್ತ ಬಿದ್ದರೆ ಏನು ಮಾಡಬೇಕು? ಇದೇ ಇವತ್ತಿನ ಪಾಠ.

ಕೆಲವರಿಗೆ ನಗು ಬರಬಹುದು. ನಗಿ, ತಪ್ಪಿಲ್ಲ. ಆದರೆ ನಕ್ಕು ಮುಗಿದ ಮೇಲೆ ಕೇಳಿ. ಯಾಕಂದರೆ ಈ ನಗು, ಈ ನಾಚಿಕೆಯಿಂದಲೇ ಎಷ್ಟೋ ನಾಯಿ ಸಾಯುತ್ತವೆ. ವಾಸಿಯಾಗೋ ಕಾಯಿಲೆ ಇಟ್ಟುಕೊಂಡು ಸಾಯುತ್ತವೆ.

ನಮ್ಮ ಸೀಮೆಯ ನಾಯಿ

ಕಲ್ಯಾಣದುರ್ಗದ ಕಡೆ ಕುರಿ ಸಾಕುವವರು ಬಹಳ. ಕುರಿ ಮಂದೆ ಇದ್ದ ಕಡೆ ನಾಯಿ ಇರಲೇಬೇಕು. ರಾತ್ರಿ ಹಟ್ಟಿಯಲ್ಲಿ ನಾಯಿ ಬೊಗಳದಿದ್ದರೆ ಬೆಳಿಗ್ಗೆ ಮರಿ ಲೆಕ್ಕ ತಪ್ಪುತ್ತದೆ. ಹಿಂದೂಪುರದ ಕಡೆ ತೋಟದ ಮನೆಗೆ ನಾಯಿ, ಅಂಗಡಿ ಸಾಲಿಗೆ ನಾಯಿ, ಬೀದಿಗೆ ನಾಯಿ. ಸಾಕಿದ್ದು ಯಾವುದು, ಬೀದಿಯದು ಯಾವುದು ಅಂತ ಹೇಳೋದೇ ಕಷ್ಟ. ಎಲ್ಲ ಮನೆಯ ಅನ್ನ ತಿನ್ನುತ್ತದೆ, ಎಲ್ಲರ ಬಾಗಿಲು ಕಾಯುತ್ತದೆ.

2022ರ ಏಪ್ರಿಲ್‌ನಲ್ಲಿ ಹಳೇ ಅನಂತಪುರ ಜಿಲ್ಲೆ ಎರಡಾಯಿತು. ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಆದರೆ ನಾಯಿಗೆ ಜಿಲ್ಲೆಯ ಗಡಿ ಗೊತ್ತಿಲ್ಲ. ಅದರ ಕಾಯಿಲೆಗೂ ಗೊತ್ತಿಲ್ಲ. ಹಾಗಾಗಿ ಎರಡೂ ಕಡೆಯವರಿಗೆ ಮಾತು ಒಂದೇ.

ನಾಯಿಗೆ ಅನ್ನ ಹಾಕುವವರು ಹೆಚ್ಚಾಗಿ ಮನೆಯ ಹೆಂಗಸರು. ನಾಯಿ ಕೆಳಗೆ ನೆಕ್ಕಿಕೊಳ್ಳೋದು, ಅದು ಮಲಗಿದ ಜಾಗದಲ್ಲಿ ರಕ್ತದ ಹನಿ ಬಿದ್ದಿರೋದು ಮೊದಲು ಅವರ ಕಣ್ಣಿಗೇ ಬೀಳುತ್ತದೆ. ಆದರೆ ಗಂಡಸರ ಮುಂದೆ ಹೇಳೋಕೆ ಸಂಕೋಚ. ಡಾಕ್ಟರ ಮುಂದೆ ಇನ್ನೂ ಸಂಕೋಚ. ಗಂಡಸರು ನೋಡಿದರೂ "ಥೂ, ಅದಕ್ಕೇನೋ ಸುಖರೋಗ ಬಂದಿದೆ, ಊರಾಚೆ ಬಿಟ್ಟು ಬಾ" ಅಂತಾರೆ. ಅಲ್ಲಿಗೆ ನಾಯಿಯ ಕಥೆ ಮುಗೀತು.

ಹಾಗೆ ಮುಗಿಯಬಾರದು. ಮೊದಲು ಯಾವುದು ಕಾಯಿಲೆ, ಯಾವುದು ಕಾಯಿಲೆ ಅಲ್ಲ ಅಂತ ತಿಳಿಯೋಣ.

ಕಪ್ಪಗಿದ್ದರೆಲ್ಲ ಕಾಯಿಲೆ ಅಲ್ಲ

ಕೆಲವು ನಾಯಿಗೆ ಹುಟ್ಟಿನಿಂದಲೇ ಆ ಜಾಗ ಕಪ್ಪು. ಕೆಲವಕ್ಕೆ ನಸುಗೆಂಪು. ಕೆಲವಕ್ಕೆ ಕಪ್ಪು ಕೆಂಪು ಎರಡೂ ಕಲೆ ಕಲೆಯಾಗಿ ಇರುತ್ತದೆ. ಬೀಜದ ಚೀಲದ ಚರ್ಮ ಬಹಳ ತೆಳು. ಅಲ್ಲಿ ಕೂದಲೂ ಕಡಿಮೆ. ವಯಸ್ಸಾದಂತೆ ಅದು ನಿಧಾನವಾಗಿ ಕಪ್ಪಾಗಬಹುದು. ತುರಿಕೆ ಇಲ್ಲ, ವಾಸನೆ ಇಲ್ಲ, ಊತ ಇಲ್ಲ, ನಾಯಿ ಚೆನ್ನಾಗಿ ತಿಂದುಕೊಂಡು ಓಡಾಡುತ್ತಿದೆ ಅಂದರೆ ಸಾಮಾನ್ಯವಾಗಿ ಭಯ ಬೇಡ.

ಮುಂದೊಗಲಿನ ತುದಿಯಲ್ಲಿ ಒಂದೆರಡು ಹನಿ ಹಳದಿ ಅಥವಾ ಹಸಿರು ಮಿಶ್ರಿತ ಅಂಟು ಕಾಣಬಹುದು. ಇದೂ ಬೆಳೆದ ಗಂಡು ನಾಯಿಗಳಲ್ಲಿ ಸಾಮಾನ್ಯ. ನಾಯಿ ನೆಕ್ಕಿ ತಾನೇ ಶುಚಿ ಮಾಡಿಕೊಳ್ಳುತ್ತದೆ.

ಹಾಗಾದರೆ ಯಾವಾಗ ಎಚ್ಚರ ಆಗಬೇಕು? ಬಣ್ಣ ಹೊಸದಾಗಿ ಬದಲಾದಾಗ. ಬಣ್ಣದ ಜೊತೆಗೆ ಇನ್ನೊಂದು ಲಕ್ಷಣ ಸೇರಿದಾಗ. ಕೆಂಪು, ಬಿಸಿ, ಊತ, ತುರಿಕೆ, ಕೆಟ್ಟ ವಾಸನೆ, ಕೀವು, ರಕ್ತ, ಗಡ್ಡೆ. ಇವುಗಳಲ್ಲಿ ಒಂದು ಇದ್ದರೂ ಅದು ಬರೀ ಬಣ್ಣ ಅಲ್ಲ.

ಉರಿ ತುರಿಕೆ ಯಾಕೆ ಬರುತ್ತದೆ?

ಕಾರಣ ಒಂದೇ ಅಲ್ಲ, ಹಲವು.

ಒಂದು, ಉಣುಗು ಮತ್ತು ಚಿಗಟ. ಇವು ಕೂದಲು ಕಡಿಮೆ ಇರುವ ಮೆತ್ತನೆ ಚರ್ಮವನ್ನು ಹುಡುಕುತ್ತವೆ. ತೊಡೆ ಸಂದಿ, ಹೊಟ್ಟೆ, ಬೀಜದ ಚೀಲದ ಹಿಂದೆ ಕಚ್ಚಿಕೊಳ್ಳುತ್ತವೆ.

ಎರಡು, ಕಜ್ಜಿ. ಕಣ್ಣಿಗೆ ಕಾಣದ ಸಣ್ಣ ಹುಳುವಿನಿಂದ ಬರುತ್ತದೆ. ಕಿವಿ ಅಂಚು, ಮೊಣಕೈ, ಹೊಟ್ಟೆ ಕಡೆ ಹೆಚ್ಚು. ನಾಯಿ ರಾತ್ರಿ ಹಗಲು ಕೆರೆಯುತ್ತದೆ. ಇದು ಮುಟ್ಟಿದ ಮನುಷ್ಯರಿಗೂ ಸ್ವಲ್ಪ ದಿನ ತುರಿಕೆ ತರಬಹುದು.

ಮೂರು, ಬೂಷ್ಟಿನ ಜಾತಿಯ ಸೋಂಕು. ಚರ್ಮ ಸದಾ ಒದ್ದೆಯಾಗಿದ್ದರೆ ಬರುತ್ತದೆ. ಜಿಡ್ಡು ಜಿಡ್ಡಾಗಿ ಕಮಟು ವಾಸನೆ ಹೊಡೆಯುತ್ತದೆ.

ನಾಲ್ಕು, ಹೊರಗಿನ ವಸ್ತು ತಾಗಿ ಸುಡುವುದು. ಹಸಿ ಸಿಮೆಂಟು, ಸುಣ್ಣ, ರಸಗೊಬ್ಬರ, ನೆಲ ಒರೆಸಿದ ಫಿನಾಯಿಲು. ಇವುಗಳ ಮೇಲೆ ನಾಯಿ ಹೊಟ್ಟೆ ಊರಿ ಮಲಗುತ್ತದೆ. ಬೇಸಿಗೆಯಲ್ಲಿ ಕಾದ ಬಂಡೆ, ಕಾದ ತಾರು ರಸ್ತೆಯೂ ಸುಡುತ್ತದೆ.

ಐದು, ಮುಳ್ಳು. ಕುರಿ ಹಿಂದೆ ಬೀಡಿನಲ್ಲಿ ತಿರುಗುವ ನಾಯಿಗೆ ನೆಗ್ಗಿಲ ಮುಳ್ಳು, ಚುಚ್ಚುವ ಹುಲ್ಲಿನ ಸುಂಕು ಮುಂದೊಗಲಿನ ಒಳಗೂ ಸೇರಿಕೊಳ್ಳಬಹುದು. ಒಳಗೆ ಸೇರಿದ್ದು ಕೀವಾಗುತ್ತದೆ.

ತುರಿಕೆ ಬಂದರೆ ನಾಯಿ ನೆಕ್ಕುತ್ತದೆ. ನೆಕ್ಕಿದರೆ ಒದ್ದೆ. ಒದ್ದೆಯಾದರೆ ಸೋಂಕು. ಸೋಂಕಾದರೆ ಮತ್ತೆ ತುರಿಕೆ. ಹೀಗೆ ತಿಂಗಳುಗಟ್ಟಲೆ ನಡೆದರೆ ನಸುಗೆಂಪಾಗಿದ್ದ ಚರ್ಮ ಕಪ್ಪಾಗಿ, ದಪ್ಪವಾಗಿ, ಆನೆ ಚರ್ಮದ ಹಾಗೆ ಸುಕ್ಕಾಗುತ್ತದೆ. ಹಾಗಾಗಿ ಈ ಕಪ್ಪು ಕಾಯಿಲೆಯ ಮೊದಲಲ್ಲ. ಅದು ಬಹಳ ದಿನದಿಂದ ಇದೆ ಅನ್ನೋದಕ್ಕೆ ಗುರುತು.

ಇನ್ನೊಂದು ಗುರುತು ನೆನಪಿಡಿ. ವಯಸ್ಸಾದ ಗಂಡು ನಾಯಿಯ ಒಂದು ಬೀಜ ದೊಡ್ಡದಾಗಿದೆ. ಅಥವಾ ಒಂದು ಬೀಜ ಹುಟ್ಟಿನಿಂದ ಕೆಳಗೆ ಇಳಿದೇ ಇಲ್ಲ. ಅದರ ಜೊತೆಗೆ ಮುಂದೊಗಲಿನ ಕೆಳಗೆ ಬೀಜದ ಚೀಲದ ಕಡೆಗೆ ಕೆಂಪು ಅಥವಾ ಕಪ್ಪು ಗೆರೆ ಎಳೆದ ಹಾಗೆ ಕಾಣುತ್ತದೆ. ಮೊಲೆತೊಟ್ಟು ಊದುತ್ತದೆ. ಎರಡೂ ಪಕ್ಕೆಯ ಕೂದಲು ಉದುರುತ್ತದೆ. ಇದು ಬೀಜದೊಳಗಿನ ಗಡ್ಡೆಯ ಲಕ್ಷಣ ಆಗಿರಬಹುದು. ಇದಕ್ಕೆ ಮುಲಾಮು ಸಾಲದು. ಬೀಜ ತೆಗೆಯುವ ಆಪರೇಷನ್ ಬೇಕಾಗುತ್ತದೆ.

ರಕ್ತ ಬೀಳುವ ಗಡ್ಡೆ

ಈಗ ಮುಖ್ಯ ಮಾತಿಗೆ ಬರೋಣ. ನಮ್ಮ ದೇಶದಲ್ಲಿ ಬಿಡಾಡಿ ತಿರುಗುವ ನಾಯಿಗಳಲ್ಲಿ ಒಂದು ಗಡ್ಡೆ ರೋಗ ಬಹಳ ಕಾಣುತ್ತದೆ. ಇದು ಒಂದು ಜಾತಿಯ ಕ್ಯಾನ್ಸರ್. ನಾಯಿಯಿಂದ ನಾಯಿಗೆ ಹರಡುವ ಕ್ಯಾನ್ಸರ್.

ಕ್ಯಾನ್ಸರ್ ಹರಡೋದೇ? ಮನುಷ್ಯರ ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಮುಟ್ಟಿದರೆ ಬರೋದಿಲ್ಲ. ಆದರೆ ನಾಯಿಯ ಈ ಗಡ್ಡೆ ಬೇರೆ. ಗಂಡು ಹೆಣ್ಣು ಸೇರುವಾಗ ಗಡ್ಡೆಯ ಜೀವಕಣಗಳೇ ಇನ್ನೊಂದು ನಾಯಿಯ ಮೈಗೆ ಅಂಟುತ್ತವೆ. ಅಲ್ಲಿ ಸಸಿ ನೆಟ್ಟ ಹಾಗೆ ಬೆಳೆಯುತ್ತವೆ. ನೆಕ್ಕಿದರೂ, ಮೂಸಿದರೂ ಹರಡಬಹುದು. ಆಗ ಮೂಗಿನಲ್ಲಿ, ಬಾಯಿಯಲ್ಲಿ ಗಡ್ಡೆ ಬರುತ್ತದೆ.

1876ರಲ್ಲಿ ರಷ್ಯಾದ ಪಶುವೈದ್ಯ ನೋವಿನ್‌ಸ್ಕಿ ಎಂಬುವರು ಒಂದು ನಾಯಿಯ ಗಡ್ಡೆಯ ಚೂರನ್ನು ಇನ್ನೊಂದು ನಾಯಿಗೆ ಸೇರಿಸಿ, ಅದು ಬೆಳೆಯುವುದನ್ನು ತೋರಿಸಿದರು. 2019ರಲ್ಲಿ ವಿಜ್ಞಾನಿಗಳು 43 ದೇಶಗಳ 500ಕ್ಕೂ ಹೆಚ್ಚು ಗಡ್ಡೆಗಳನ್ನು ಹೋಲಿಸಿ ನೋಡಿದರು. ಎಲ್ಲವೂ ಸಾವಿರಾರು ವರ್ಷದ ಹಿಂದೆ ಏಷ್ಯಾದಲ್ಲಿ ಬದುಕಿದ್ದ ಒಂದೇ ನಾಯಿಯ ಗಡ್ಡೆಯಿಂದ ಬಂದವು ಅಂತ ಕಂಡುಕೊಂಡರು. ಆ ನಾಯಿ ಸತ್ತು ಎಷ್ಟೋ ಕಾಲವಾಯಿತು. ಅದರ ಗಡ್ಡೆ ಇನ್ನೂ ಬದುಕಿದೆ.

ಗಂಡು ನಾಯಿಯಲ್ಲಿ ಈ ಗಡ್ಡೆ ಮುಂದೊಗಲಿನ ಒಳಗಿರುತ್ತದೆ. ಹೊರಗಿನಿಂದ ಕಾಣೋದಿಲ್ಲ. ಕಾಣೋದು ತುದಿಯಿಂದ ತೊಟ್ಟಿಕ್ಕುವ ರಕ್ತ ಮಾತ್ರ. "ಉಚ್ಚೇಲಿ ರಕ್ತ ಹೋಗ್ತಿದೆ, ಉಷ್ಣ ಆಗಿದೆ" ಅಂತ ಜನ ಮಜ್ಜಿಗೆ ಕುಡಿಸುತ್ತಾರೆ. ಗಡ್ಡೆ ಒಳಗೇ ಬೆಳೆಯುತ್ತದೆ. ಹೂಕೋಸಿನ ಹಾಗೆ ಉಬ್ಬು ಉಬ್ಬಾಗಿ, ಕೆಂಪಗೆ, ಮುಟ್ಟಿದರೆ ರಕ್ತ ಸುರಿಯುವ ಹಾಗೆ ಆಗುತ್ತದೆ. ಕೆಟ್ಟ ವಾಸನೆ ಬರುತ್ತದೆ. ನೊಣ ಕೂತು ಹುಳು ಬೀಳುತ್ತವೆ. ಆಗ ಜನ ಹತ್ತಿರ ಸೇರಿಸೋದಿಲ್ಲ.

ಈ ಗಡ್ಡೆ ಮನುಷ್ಯರಿಗೆ ಬರೋದಿಲ್ಲ. ಕುರಿಗೆ, ಮೇಕೆಗೆ, ದನಕ್ಕೆ ಬರೋದಿಲ್ಲ. ಆ ಭಯದಿಂದ ನಾಯಿಯನ್ನು ಓಡಿಸಬೇಡಿ. ಓಡಿಸಿದರೆ ಅದು ಇನ್ನೊಂದು ಊರಿಗೆ ಹೋಗಿ ಅಲ್ಲಿನ ನಾಯಿಗಳಿಗೆ ಹರಡುತ್ತದೆ. ವಿಷ ಹಾಕುವುದು, ಹೊಡೆದು ಕೊಲ್ಲುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ.

ಅಂಗಳದ ಹೂವಿನಿಂದ ಬಂದ ಔಷಧಿ

ಈ ಗಡ್ಡೆ ವಾಸಿಯಾಗುತ್ತದೆ. ಬಹುಪಾಲು ನಾಯಿಗಳಲ್ಲಿ ಪೂರ್ತಿ ವಾಸಿಯಾಗುತ್ತದೆ. ಇದನ್ನು ಜೋರಾಗಿ ಹೇಳಬೇಕು, ಎಲ್ಲರಿಗೂ ಹೇಳಬೇಕು.

ಔಷಧಿಯ ಹೆಸರು ವಿನ್‌ಕ್ರಿಸ್ಟಿನ್. ವಾರಕ್ಕೊಂದು ಸಲ ರಕ್ತನಾಳಕ್ಕೆ ಕೊಡುವ ಚುಚ್ಚುಮದ್ದು. ಸಾಮಾನ್ಯವಾಗಿ 4ರಿಂದ 6 ವಾರ ಬೇಕಾಗುತ್ತದೆ. ಕೆಲವಕ್ಕೆ ಇನ್ನೂ ಒಂದೆರಡು ಹೆಚ್ಚು.

ಈ ಔಷಧಿ ಎಲ್ಲಿಂದ ಬಂತು ಗೊತ್ತೇ? ನಮ್ಮ ಮನೆ ಮುಂದೆ ನೀರಿಲ್ಲದಿದ್ದರೂ ಹೂ ಬಿಡುವ ನಿತ್ಯಪುಷ್ಪದ ಗಿಡದಿಂದ. ಕಾಶಿ ಕಣಗಿಲೆ ಅಂತಲೂ ಅಂತಾರೆ. ತೆಲುಗಿನಲ್ಲಿ ಬಿಳ್ಳಗನ್ನೇರು. ಆ ಗಿಡದ ಸತ್ವದಿಂದ ತೆಗೆದ ಔಷಧಿಯನ್ನು 1960ರ ದಶಕದಿಂದ ಮಕ್ಕಳ ರಕ್ತದ ಕ್ಯಾನ್ಸರಿಗೂ ಕೊಡುತ್ತಾ ಬಂದಿದ್ದಾರೆ.

ಹಾಗಂತ ಸೊಪ್ಪು ಅರೆದು ನಾಯಿಗೆ ಕುಡಿಸಬೇಡಿ. ಆ ಗಿಡ ಹಸಿಯಾಗಿ ತಿಂದರೆ ವಿಷ. ಔಷಧಿಯನ್ನು ನಾಯಿಯ ತೂಕ ನೋಡಿ, ಅಳತೆ ಮಾಡಿ ಡಾಕ್ಟರೇ ಕೊಡಬೇಕು. ಒಂದು ಹನಿ ರಕ್ತನಾಳದ ಹೊರಗೆ ಸೋರಿದರೂ ಮಾಂಸ ಸುಟ್ಟು ಹುಣ್ಣಾಗುತ್ತದೆ. ರಕ್ತ ಕಡಿಮೆ ಆಗಿದೆಯೋ ಅಂತ ನಡುನಡುವೆ ರಕ್ತ ಪರೀಕ್ಷೆಯೂ ಬೇಕು. ಕೆಲವು ನಾಯಿ ಒಂದೆರಡು ದಿನ ಅನ್ನ ಬಿಡುತ್ತವೆ, ವಾಂತಿ ಮಾಡುತ್ತವೆ. ಹೆಚ್ಚಾದರೆ ಡಾಕ್ಟರಿಗೆ ತಿಳಿಸಿ. ಚುಚ್ಚುಮದ್ದು ಕೊಟ್ಟ ಮೇಲೆ ಕೆಲವು ದಿನ ನಾಯಿಯ ಉಚ್ಚೆ, ಹೇಲು, ವಾಂತಿಯನ್ನು ಬರಿಗೈಯಲ್ಲಿ ಮುಟ್ಟಬಾರದು. ಬಸುರಿ ಹೆಂಗಸರು ಆ ಕೆಲಸಕ್ಕೆ ಹೋಗಲೇಬಾರದು.

ಇಲ್ಲಿ ಒಂದು ತೊಡಕು ಇದೆ. ಎರಡು ಚುಚ್ಚುಮದ್ದಿಗೆ ರಕ್ತ ನಿಲ್ಲುತ್ತದೆ, ಗಡ್ಡೆ ಕುಗ್ಗುತ್ತದೆ. "ವಾಸಿಯಾಯ್ತು ಬಿಡಪ್ಪ" ಅಂತ ಜನ ನಿಲ್ಲಿಸಿಬಿಡುತ್ತಾರೆ. ಉಳಿದ ಬೇರು ಮತ್ತೆ ಚಿಗುರುತ್ತದೆ. ಕುರಿ ಕಾಯುವವರಿಗೆ ಇದು ಇನ್ನೂ ಕಷ್ಟ. ಮೇವು ಹುಡುಕಿ ಮಂದೆ ಹೊರಟರೆ ನಾಯಿಯೂ ಹೊರಡುತ್ತದೆ. ಮುಂದಿನ ವಾರ ಯಾವ ಊರೋ ಏನೋ. ಅಂಥ ಸಮಯದಲ್ಲಿ ಆ ನಾಯಿಯನ್ನು ಒಂದೂವರೆ ತಿಂಗಳು ಮನೆಯಲ್ಲೇ ಕಟ್ಟಿ, ಬೇರೆ ನಾಯಿಯನ್ನು ಮಂದೆಗೆ ಕಳಿಸಿ. ಕಟ್ಟಿದರೆ ಇನ್ನೊಂದು ಲಾಭ, ರೋಗ ಹರಡೋದೂ ನಿಲ್ಲುತ್ತದೆ.

ಕೂಡಿಕೊಂಡ ನಾಯಿಗೆ ಕಲ್ಲು ಬೇಡ

ಗಂಡು ಹೆಣ್ಣು ನಾಯಿ ಸೇರಿದಾಗ ಅರ್ಧ ಗಂಟೆವರೆಗೂ ಬಿಡಿಸಿಕೊಳ್ಳಲಾರದೆ ನಿಲ್ಲುತ್ತವೆ. ಅದು ಅವುಗಳ ಹುಟ್ಟುಗುಣ. ಮಕ್ಕಳು ಕಲ್ಲು ಹೊಡೆಯುತ್ತಾರೆ. ದೊಡ್ಡವರು ಬಿಸಿ ನೀರು ಎರಚುತ್ತಾರೆ, ಕೋಲಿನಿಂದ ಎಳೆಯುತ್ತಾರೆ. ಇದರಿಂದ ಗಂಡು ನಾಯಿಯ ಅಂಗಕ್ಕೆ ಗಾಯವಾಗುತ್ತದೆ, ಒಳಗೆ ಹರಿಯುತ್ತದೆ. ಬಿಟ್ಟುಬಿಡಿ. ತಾವೇ ಬೇರೆಯಾಗುತ್ತವೆ.

ಬೇರೆಯಾದ ಮೇಲೂ ಅಂಗ ಒಳಗೆ ಹೋಗದೆ, ಊದಿಕೊಂಡು, ಕೆಂಪಾಗಿ, ನೀಲಿಯಾಗಿ, ಕಪ್ಪಾಗುತ್ತಾ ಬಂದರೆ ಅದು ತುರ್ತು. ಈ ಕಪ್ಪು ಬೇರೆ. ರಕ್ತ ಓಡಾಟ ನಿಂತ ಕಪ್ಪು. ತಣ್ಣೀರಿನಲ್ಲಿ ಅದ್ದಿದ ಶುಭ್ರ ಬಟ್ಟೆ ಸುತ್ತಿ, ಒಣಗದಂತೆ ನೋಡಿಕೊಂಡು ಕೂಡಲೇ ಪಶು ಆಸ್ಪತ್ರೆಗೆ ಒಯ್ಯಿರಿ. ನಾಳೆ ನೋಡೋಣ ಅನ್ನಬಾರದು. ಉಚ್ಚೆ ಹೊಯ್ಯಲು ಮುಕ್ಕುತ್ತಿದೆ, ಹನಿಯೂ ಬರುತ್ತಿಲ್ಲ ಅಂದರೂ ಅಂದೇ ಹೋಗಬೇಕು.

ಮನೆಯಲ್ಲಿ ಏನು ಮಾಡಬಹುದು, ಏನು ಮಾಡಬಾರದು

ನಾಯಿ ಸಾಧುವಾಗಿದ್ದರೆ, ನಿಮ್ಮ ಕೈಗೆ ಒಗ್ಗಿದ್ದರೆ ಮಾತ್ರ ಮುಟ್ಟಿ ನೋಡಿ. ನೋವಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ. ಬಟ್ಟೆ ಪಟ್ಟಿಯಿಂದ ಬಾಯಿ ಕಟ್ಟಿ, ಒಬ್ಬರು ತಲೆ ಹಿಡಿದುಕೊಳ್ಳಲಿ. ಕೈಗೆ ಗ್ಲೌಸ್ ಇಲ್ಲವೇ ಪ್ಲಾಸ್ಟಿಕ್ ಚೀಲ ಹಾಕಿಕೊಳ್ಳಿ. ಗಡ್ಡೆ ಮನುಷ್ಯರಿಗೆ ಬರದಿದ್ದರೂ ನಾಯಿಯ ಉಚ್ಚೆಯಿಂದ ಇಲಿ ಜ್ವರದಂಥ ರೋಗ ಬರಬಹುದು. ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ.

ಬರೀ ಕೆಂಪಾಗಿದ್ದರೆ ಉಪ್ಪು ನೀರಿನಲ್ಲಿ ತೊಳೆಯಬಹುದು. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಟೀ ಚಮಚದಲ್ಲಿ ಒಂದೂವರೆ ಚಮಚ ಉಪ್ಪು ಸಾಕು. ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ ಒಣಗಿಸಿ. ಉಜ್ಜಬೇಡಿ. ನಾಯಿ ಮಲಗುವ ಗೋಣಿಯನ್ನು ತೊಳೆದು ಬಿಸಿಲಿಗೆ ಹಾಕಿ. ಎರಡು ಮೂರು ದಿನದಲ್ಲಿ ಕಡಿಮೆ ಆಗದಿದ್ದರೆ ಆಸ್ಪತ್ರೆಗೆ ಹೋಗಿ.

ಸುಟ್ಟ ಇಂಜಿನ್ ಆಯಿಲ್ ಹಚ್ಚಬೇಡಿ. ಸೀಮೆಎಣ್ಣೆ ಬೇಡ. ಫಿನಾಯಿಲು ಬೇಡ. ಕಡಲೆಕಾಯಿ ಬೆಳೆಗೆ ತಂದ ಕೀಟನಾಶಕ ಬೇಡವೇ ಬೇಡ. ಹಚ್ಚಿದ್ದನ್ನೆಲ್ಲ ನಾಯಿ ನೆಕ್ಕುತ್ತದೆ. ನೆಕ್ಕಿದ್ದು ಹೊಟ್ಟೆಗೆ ಹೋಗುತ್ತದೆ. ಬರೆ ಹಾಕಬೇಡಿ. ಗಡ್ಡೆಗೆ ದಾರ ಬಿಗಿದು ಕತ್ತರಿಸಬೇಡಿ. ಮನುಷ್ಯರ ನೋವಿನ ಮಾತ್ರೆ ನಾಯಿಗೆ ಹಾಕಬೇಡಿ. ಕುರಿಗೆ ತಂದ ಚುಚ್ಚುಮದ್ದನ್ನು ಅಂದಾಜಿನ ಮೇಲೆ ನಾಯಿಗೆ ಕೊಡಬೇಡಿ.

ಅಕಸ್ಮಾತ್ ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿಕೊಳ್ಳಿ. ಸಾಕಿದ ನಾಯಿ ಅಂತ ಸುಮ್ಮನಿರಬೇಡಿ.

ಎಲ್ಲಿಗೆ ಹೋಗಬೇಕು?

ಮೊದಲು ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ. ಬೋರ್ಡು ತೆಲುಗಿನಲ್ಲಿ "ಪಶುವೈದ್ಯಶಾಲ" ಅಂತ ಇರುತ್ತದೆ. ಪಶುಗಳ ಚಿಕಿತ್ಸೆಗೆ 1962 ಅನ್ನೋ ಉಚಿತ ನಂಬರಿದೆ. ಫೋನ್ ಮಾಡಿ ಕೇಳಿ. ಔಷಧಿ ಆಸ್ಪತ್ರೆಯಲ್ಲಿ ಇಲ್ಲದಿದ್ದರೆ ಚೀಟಿ ಬರೆಸಿಕೊಳ್ಳಿ. ದೊಡ್ಡ ಪರೀಕ್ಷೆ ಬೇಕಾದರೆ ಹಿಂದೂಪುರದವರಿಗೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನ ಆಸ್ಪತ್ರೆಯೂ ಇದೆ.

ಡಾಕ್ಟರ ಮುಂದೆ ಏನು ಹೇಳಬೇಕು? ಇದನ್ನೇ ಹೇಳಿ: "ಸಾರ್, ನಮ್ಮ ಗಂಡು ನಾಯಿಗೆ ಉಚ್ಚೆ ಹೊಯ್ಯುವ ಜಾಗದಿಂದ ರಕ್ತ ಬೀಳ್ತಿದೆ. ಒಳಗೆ ಗಡ್ಡೆ ಇದೆಯೋ ನೋಡಿ." ಇಷ್ಟು ಸಾಕು. ಇದರಲ್ಲಿ ನಾಚಿಕೆಯ ಮಾತು ಒಂದೂ ಇಲ್ಲ. ಒಳಗೆ ನೋಡಿ ಅಂತ ಕೇಳುವುದು ಮುಖ್ಯ. ಮುಂದೊಗಲನ್ನು ಹಿಂದೆ ಸರಿಸಿ ನೋಡದಿದ್ದರೆ ಗಡ್ಡೆ ಸಿಕ್ಕೋದಿಲ್ಲ.

ಬರೆಯಲು ಕಲಿತ ಕೈಗೂ ಇಲ್ಲಿ ಒಂದು ಕೆಲಸ ಇದೆ. ನೋಟ್ ಪುಸ್ತಕದ ಒಂದು ಹಾಳೆಯಲ್ಲಿ ಬರೆಯಿರಿ. ಯಾವ ದಿನ ಮೊದಲು ಕಂಡಿತು? ಬಣ್ಣ ಹೇಗಿತ್ತು? ರಕ್ತವೋ, ಕೀವೋ? ಮೊದಲ ಚುಚ್ಚುಮದ್ದು ಯಾವ ತಾರೀಕು? ಮುಂದಿನದು ಯಾವಾಗ? ಈ ಹಾಳೆ ಗೋಡೆಗೆ ಅಂಟಿಸಿದರೆ ಒಂದು ವಾರವೂ ತಪ್ಪೋದಿಲ್ಲ. ನಾಯಿಗೆ ಓದು ಬಾರದು. ಅದರ ಲೆಕ್ಕವನ್ನು ನಾವೇ ಬರೆಯಬೇಕು.

ಬರದಂತೆ ತಡೆಯೋದು ಹೇಗೆ?

ಗಂಡು ನಾಯಿಗೆ ಬೀಜ ತೆಗೆಸಿ, ಹೆಣ್ಣು ನಾಯಿಗೆ ಸಂತಾನ ಆಪರೇಷನ್ ಮಾಡಿಸಿ. ಸೇರುವುದು ಕಡಿಮೆಯಾದರೆ ಗಡ್ಡೆ ಹರಡೋದೂ ಕಡಿಮೆ. ಬೀಜ ತೆಗೆಸಿದ ನಾಯಿಗೆ ಬೀಜದ ಗಡ್ಡೆಯ ಭಯವೂ ಇಲ್ಲ. ಕಾವಲು ಕೆಡುತ್ತದೆ ಅನ್ನೋ ಮಾತು ನಿಜ ಅಲ್ಲ. ಬೀದಿ ನಾಯಿಗಳಿಗೆ ಈ ಆಪರೇಷನ್, ಹುಚ್ಚುನಾಯಿ ಲಸಿಕೆ ಎರಡನ್ನೂ ಮಾಡಿಸುವ ಹೊಣೆ 2023ರ ನಿಯಮದಂತೆ ಪಂಚಾಯಿತಿ, ಪುರಸಭೆಗಳದು. ಗ್ರಾಮಸಭೆಯಲ್ಲಿ ಎದ್ದು ಕೇಳಿ. ಅರ್ಜಿ ಬರೆದು ಸಹಿ ಹಾಕಿ ಕೊಡಿ.

ಬಂಧುಗಳೇ, ನಾಯಿ ನಮ್ಮ ಮನೆ, ಮಂದೆ, ಕಣ ಕಾಯುತ್ತದೆ. ಅದಕ್ಕೆ ನೋವಾದಾಗ ಅದು ನೆಕ್ಕಿಕೊಳ್ಳಬಲ್ಲದು, ಅಷ್ಟೇ. ಹೇಳುವ ಬಾಯಿ ನಮ್ಮದು. ಮುಂದಿನ ವಾರ ಬರುವಾಗ ನಿಮ್ಮ ಓಣಿಯ ಗಂಡು ನಾಯಿಗಳನ್ನು ಒಮ್ಮೆ ದೂರದಿಂದಲೇ ಗಮನಿಸಿಕೊಂಡು ಬನ್ನಿ. ಯಾವುದಕ್ಕಾದರೂ ರಕ್ತ ಬೀಳುತ್ತಿದ್ದರೆ ಅದರ ಗುರುತು ಬರೆದು ತನ್ನಿ. ಸೇರಿ ಆಸ್ಪತ್ರೆಗೆ ಒಯ್ಯೋಣ.



ನೆನಪಿನಲ್ಲಿಡಿ

1. ಹುಟ್ಟಿನಿಂದ ಕಪ್ಪಿದ್ದರೆ ಕಾಯಿಲೆ ಅಲ್ಲ. ಹೊಸದಾಗಿ ಕಪ್ಪಾಗಿ, ತುರಿಕೆ ಇದ್ದರೆ ತೋರಿಸಿ.
2. ತುದಿಯಿಂದ ರಕ್ತ ಬಿದ್ದರೆ ಅದು ಉಷ್ಣ ಅಲ್ಲ. ಒಳಗೆ ಗಡ್ಡೆ ಇರಬಹುದು.
3. ಆ ಗಡ್ಡೆ ಮನುಷ್ಯರಿಗೆ ಬರೋದಿಲ್ಲ. ಚುಚ್ಚುಮದ್ದಿನಿಂದ ವಾಸಿಯಾಗುತ್ತದೆ.
4. ಡಾಕ್ಟರು ಸಾಕು ಅನ್ನುವವರೆಗೆ ಚುಚ್ಚುಮದ್ದು ನಿಲ್ಲಿಸಬೇಡಿ.
5. ಎಣ್ಣೆ, ಫಿನಾಯಿಲು, ಬರೆ ಬೇಡ.

ಓದಿ, ಉತ್ತರ ಬರೆಯಿರಿ

1. ಬೀಜದ ಚೀಲದ ಚರ್ಮ ಹೇಗಿರುತ್ತದೆ?
2. ಗಡ್ಡೆ ಒಂದು ನಾಯಿಯಿಂದ ಇನ್ನೊಂದಕ್ಕೆ ಹೇಗೆ ಹರಡುತ್ತದೆ?
3. ಯಾವ ಗಿಡದಿಂದ ಆ ಔಷಧಿ ಬಂತು? ಅದರ ಸೊಪ್ಪನ್ನು ಯಾಕೆ ಕುಡಿಸಬಾರದು?
4. ನಿಮ್ಮ ಓಣಿಯ ನಾಯಿಗಳಿಗೆ ಆಪರೇಷನ್, ಲಸಿಕೆ ಮಾಡಿಸಿ ಎಂದು ಪಂಚಾಯಿತಿಗೆ ಐದು ಸಾಲಿನ ಅರ್ಜಿ ಬರೆಯಿರಿ.